ಒಂಬತ್ತನೇ ನಂಬರಿನ ಎರಡು ಅಂಗಿಗಳು

ಓಬಳೇಶ ಹೊಡೆದ ನಲವತ್ತೊಂದನೆಯ ಗೋಲನ್ನು ಮುರಳೀಧರನ ಹೆಸರಿಗೆ ಬರೆಯಲಾಯಿತು. ಅದಕ್ಕೂ ಹಿಂದಿನ ನಲವತ್ತನ್ನೂ ಹಾಗೆಯೇ ಬರೆಯಲಾಗಿತ್ತು. ಬರೆದವನು ನಾನು.

ನಮ್ಮ ಊರಿನಲ್ಲಿ ಮೇಲಿನ ಬೀದಿಯವರು ಒದ್ದ ಚೆಂಡು ಗೋಲಿನ ಗೆರೆಗೆ ಒಂದು ಗೇಣು ಇರುವಾಗ ನಿಂತುಬಿಡುತ್ತದೆ. ಜೋರಾಗಿ ಒದ್ದರೂ ಅಷ್ಟೇ, ಮೆಲ್ಲಗೆ ತಳ್ಳಿದರೂ ಅಷ್ಟೇ, ತಲೆಯಿಂದ ಕುಟ್ಟಿದರೂ ಅಷ್ಟೇ. ಗಾಳಿಯಲ್ಲಿ ಸುಯ್ಯೆಂದು ಹೋಗುತ್ತಿರುವ ಚೆಂಡು ಆ ಗೇಣಿನ ಹತ್ತಿರ ಬಂದದ್ದೇ, ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ನೆನಪಾದವರ ಹಾಗೆ ತಟಕ್ಕನೆ ನಿಂತು ಕೆಳಗಿಳಿಯುತ್ತದೆ. ಹೊಲಿಗೆ ಕೇರಿಯವರು, ಅಂದರೆ ಚರ್ಮ ಹದಮಾಡಿ ಆ ಚೆಂಡುಗಳನ್ನು ಹೊಲಿಯುವ ನಾವು, ಒದ್ದರೆ ಒಳಗೆ ಹೋಗುತ್ತದೆ. ಮೊದಲಿನಿಂದಲೂ ಹೀಗೆಯೇ. ಊರು ಇದಕ್ಕೆ ತಲೆ ಕೆಡಿಸಿಕೊಂಡಿಲ್ಲ. ಏನು ಅನುಕೂಲ ಬೇಕೋ ಅದನ್ನು ಮಾಡಿಕೊಂಡಿದೆ.

ಅನುಕೂಲವೆಂದರೆ ನಮ್ಮನ್ನು ತಂಡಕ್ಕೆ ಸೇರಿಸಿಕೊಂಡರು ಎಂದು ಯಾರಾದರೂ ಅಂದುಕೊಂಡರೆ, ಅವರು ನಮ್ಮ ಊರನ್ನು ಕಂಡವರಲ್ಲ. ಪಂದ್ಯ ಮುಗಿಯಲು ಹತ್ತು ನಿಮಿಷ ಇರುವಾಗ ಸೆಂಟರ್ ಫಾರ್ವರ್ಡ್ ಮುರಳೀಧರ ಮಂಡಿ ಹಿಡಿದುಕೊಂಡು ಬೀಳುತ್ತಾನೆ. ನಾಲ್ಕು ಜನ ಜಮಖಾನ ತಂದು ಅವನ ಸುತ್ತ ಗೋಡೆಯಂತೆ ಎತ್ತಿ ಹಿಡಿಯುತ್ತಾರೆ. ರೆಫ್ರಿ ಬಾಯಿಯಿಂದ ಸೀಟಿ ತೆಗೆದು ಆಕಾಶ ನೋಡುತ್ತಾನೆ. ಊರಿಗೆ ಊರೇ ಆಕಾಶ ನೋಡುತ್ತದೆ. ಇದಕ್ಕೆ ನಮ್ಮಲ್ಲಿ ಮೋಡ ನೋಡುವುದು ಎನ್ನುತ್ತಾರೆ. ಎಲ್ಲರೂ ಮೋಡ ನೋಡುತ್ತಿರುವಾಗ ಬೆಂಚಿನ ಹಿಂದೆ ನೆಲದ ಮೇಲೆ ಕೂತಿದ್ದ ಓಬಳೇಶ ಜಮಖಾನದೊಳಗೆ ನುಗ್ಗಿ, ಇನ್ನೊಂದು ಕಡೆಯಿಂದ ಹೊರಗೆ ಬರುತ್ತಾನೆ. ಈಗ ಕತ್ತು ಇಳಿಸಬಹುದು. ಮಂಡಿ ನೋವಿನಿಂದ ಎದ್ದ ಮುರಳೀಧರ ನಾಲ್ಕು ಬೆರಳು ಉದ್ದವಾಗಿ, ಹದಿನೈದು ಕೇಜಿ ಇಳಿದು, ಬಿಸಿಲಲ್ಲಿ ಆರು ತಿಂಗಳು ನಿಂತಷ್ಟು ಕಪ್ಪಾಗಿರುತ್ತಾನೆ. "ಪರವಾಗಿಲ್ಲ, ಸುಧಾರಿಸ್ಕೊಂಡ" ಎಂದು ಮೇಲಿನ ಬೀದಿಯ ಹಿರಿಯರು ಪರಸ್ಪರ ಹೇಳಿಕೊಳ್ಳುತ್ತಾರೆ. ಸುಧಾರಿಸಿಕೊಂಡವನು ಒಂದೋ ಎರಡೋ ಗೋಲು ಹೊಡೆಯುತ್ತಾನೆ, ಮತ್ತೆ ಬೀಳುತ್ತಾನೆ, ಮತ್ತೆ ಮೋಡ. ಅಷ್ಟು ಹೊತ್ತೂ ಅಸಲಿ ಮುರಳೀಧರ ಗೆರೆಯಾಚೆ ಜಮಖಾನದ ಮರೆಯಲ್ಲಿ ಕೂತು ನಿಂಬೆ ಶರಬತ್ತು ಕುಡಿಯುತ್ತಿರುತ್ತಾನೆ.

ಆ ಜಮಖಾನದ ಮೇಲೆ ನಮ್ಮವರು ಕೂರುವಂತಿಲ್ಲ. ಅದರ ಮರೆಯಲ್ಲಿ ನಿಲ್ಲಬಹುದು. ಮುರಳೀಧರನ ಅಂಗಿಯನ್ನು ನಮ್ಮವನು ತೊಡುವಂತಿಲ್ಲ. ಅದಕ್ಕೆಂದೇ ಒಂಬತ್ತನೇ ನಂಬರಿನ ಅಂಗಿ ಎರಡಿವೆ: ಒಂದು ಕ್ಲಬ್ಬಿನ ಬೀರುವಿನೊಳಗೆ ನುಸಿಗುಳಿಗೆಯ ಜೊತೆ, ಇನ್ನೊಂದು ಹೊರಗೆ ಬೇವಿನ ಮರಕ್ಕೆ ಹೊಡೆದ ಮೊಳೆಯ ಮೇಲೆ. ಎರಡರ ಬೆನ್ನಿಗೂ ಮುರಳೀಧರನದೇ ಹೆಸರು. ನಾವು ಹೊಲಿದ ಚೆಂಡು ಮಾತ್ರ ಅವರ ಎದೆಗೆ ತಾಗಬಹುದು, ಹಣೆಗೆ ತಾಗಬಹುದು. ಗಾಳಿ ತುಂಬಿದ ಮೇಲೆ ಅದು ಶುದ್ಧವಂತೆ.

ನನ್ನ ಹೆಸರು ತಿಮ್ಮರಾಯ. ಓಬಳೇಶನ ತಾಯಿ ಮಾರಕ್ಕ ನನ್ನ ಒಡಹುಟ್ಟಿದ ಅಕ್ಕ. ಕೇರಿಯಲ್ಲಿ ಅಕ್ಷರ ದುಂಡಾಗಿ ಬರೆಯಬಲ್ಲವನು ನಾನೊಬ್ಬನೇ ಎಂಬ ಕಾರಣಕ್ಕೆ ಮೈದಾನದ ಕಪ್ಪು ಹಲಗೆಯ ಮೇಲೆ ಗೋಲು ಹೊಡೆದವರ ಹೆಸರು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಯಾರು ಹೊಡೆದರು ಎಂದು ನನಗೆ ಗೊತ್ತಿರಬೇಕಾದ ಅಗತ್ಯವಿರಲಿಲ್ಲ. ಅಂಗಿಯ ಬೆನ್ನು ನೋಡಿ ಬರೆದರೆ ಸಾಕಿತ್ತು.

ಹೀಗಿರುವಾಗ ಪ್ರಾಂತ್ಯದಿಂದ ಒಂದು ಕಾಗದ ಬಂತು. ಕ್ಲಬ್ಬಿನ ಅಧ್ಯಕ್ಷರೂ ಮುರಳೀಧರನ ತಂದೆಯೂ ಆದ ಕೋದಂಡಯ್ಯನವರು ನನಗೆ ಹೇಳಿಕಳಿಸಿದರು. ನಾನು ಹೋಗಿ ಜಗಲಿಯ ಮೆಟ್ಟಿಲ ಕೆಳಗೆ ನಿಂತೆ.

"ಪ್ರಾಂತ್ಯದ ತಂಡಕ್ಕೆ ಒಬ್ಬ ಫಾರ್ವರ್ಡ್ ಬೇಕಂತೆ ಕಣೋ ತಿಮ್ಮರಾಯ," ಎಂದರು. "ನೋಡೋಕೆ ಒಬ್ರು ಬರ್ತಾರಂತೆ. ಅದಕ್ಕೆ ಮುಂಚೆ ನಮ್ಮ ಮುಂದಿನ ಸಾಲಲ್ಲಿ ಯಾರ್ಯಾರಿದಾರೆ, ಒಬ್ಬ ಬಿದ್ರೆ ಇನ್ನೊಬ್ಬ ಯಾರು, ಬೆಂಚಲ್ಲಿ ಎಷ್ಟು ಬಲ ಇದೆ, ಎಲ್ಲಾ ಬರೆದು ಕಳಿಸಬೇಕಂತೆ. ನಿನ್ನ ಅಕ್ಷರ ಮುತ್ತು ಪೋಣಿಸಿದಂಗಿರುತ್ತೆ. ಬರಿ."

"ಎಲ್ಲರ ವಿಷಯನೂ ಬರೀಲಾ ಬುದ್ದಿ?"

"ಎಲ್ಲರದೂ."

"ಗೋಲು ಹೊಡೆಯೋರದೂ?"

ಅವರು ಕತ್ತೆತ್ತಿ ಮೋಡ ನೋಡಿದರು. ತಲೆಯ ಮೇಲಿದ್ದದ್ದು ಹೆಂಚಿನ ಮಾಡು, ಆದರೂ ನೋಡಿದರು. ಆಮೇಲೆ ಕತ್ತಿಳಿಸಿ, "ಬೆಂಚಿನ ಮೇಲೆ ಕೂರೋರ ವಿಷಯ ಕೇಳಿದಾರೆ. ಬೆಂಚಿನ ಹಿಂದೆ ಕೂರೋರ ವಿಷಯ ಯಾರೂ ಕೇಳಿಲ್ಲ," ಎಂದರು.

ಕಾಗದದಲ್ಲಿ ಇನ್ನೆರಡು ಮಾತಿದ್ದವು. ಆರಿಸಲ್ಪಡುವವನಿಗೆ ಇಪ್ಪತ್ತೈದು ತುಂಬಿರಬಾರದು. ಆರಿಸಲ್ಪಟ್ಟವನಿಗೆ ಅವನದೇ ಹೆಸರನ್ನು ಬೆನ್ನಿಗೆ ಹೊಲಿಸಿದ ಅಂಗಿ ಕೊಡಲಾಗುವುದು. ಓಬಳೇಶನಿಗೆ ಬರುವ ಕಾರ್ತೀಕಕ್ಕೆ ಇಪ್ಪತ್ತೈದು.

ಭಾನುವಾರ ನಮ್ಮ ಓದುಕೂಟ. ಕೇರಿಯ ಹೊಲಿಗೆ ಕೊಟ್ಟಿಗೆಯಲ್ಲಿ ಸೇರುತ್ತೇವೆ. ಒಬ್ಬರು ಓದುತ್ತಾರೆ, ಉಳಿದವರು ಮೇಣದ ದಾರ ಎಳೆಯುತ್ತಾ ಕೇಳುತ್ತಾರೆ. ಅವತ್ತು ಯಾವುದೋ ದೂರದ ದೇಶದ ಜನ ರಾಜನನ್ನು ಅರಮನೆಯಿಂದ ಎಳೆದು ಹಾಕಿದ ಕಥೆಯನ್ನು ನಾನು ಗಂಟಲ ನರ ಉಬ್ಬಿಸಿಕೊಂಡು ಓದುತ್ತಿದ್ದೆ. ಮಾರಕ್ಕ ದಬ್ಬಣ ನಿಲ್ಲಿಸಿದಳು.

"ಏನಪ್ಪಾ ತಿಮ್ಮ, ಆ ರಾಜನ್ನ ಇಳಿಸೋಕೆ ನೀನೂ ಹೋಗಿದ್ದಂಗೆ ಓದ್ತೀಯ. ನನ್ನ ಮಗನ ಹೆಸರಿನ ಮೊದಲಕ್ಷರ ಬರೆಯೋಕೆ ನಿನ್ನ ಸೀಮೆಸುಣ್ಣ ಏಳಲಿಲ್ವಲ್ಲೋ."

"ಕಾಲ ಬರ್ಲಿ ತಾಳಕ್ಕಾ."

"ಬರ್ಲಿ ಬರ್ಲಿ. ಅದೂ ಮೇಲಿನ ಬೀದಿ ಹಾದ್ಕೊಂಡೇ ಬರ್ಬೇಕಲ್ಲ, ಅಲ್ಲೇ ಎಲ್ಲೋ ಶರಬತ್ತು ಕುಡೀತಾ ಕೂತಿರ್ಬೇಕು."

ಕೊಟ್ಟಿಗೆಯಲ್ಲಿ ನಕ್ಕರು. ಓಬಳೇಶ ನಗಲಿಲ್ಲ. ಅವನು ಮಾತು ಕಡಿಮೆಯ ಮನುಷ್ಯ. ಚರ್ಮದ ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿಡುತ್ತಾ, "ಮಾವ, ಆ ವರದೀಲಿ ನನ್ನ ಹೆಸರು ಹಾಕ್ತೀಯಾ?" ಎಂದ. "ದೊಡ್ಡದಾಗೇನೂ ಬೇಡ. ಕಡೇಲಿ ಎಲ್ಲಾದ್ರೂ ಒಂದು ಸಾಲು. ಹಿಂಗೊಬ್ಬ ಇದಾನೆ ಅಂತ."

"ನೋಡೋಣ," ಎಂದೆ. ಹನ್ನೆರಡು ವರ್ಷ ಓದುಕೂಟದಲ್ಲಿ ಕೂತು ನಾನು ಕಲಿತ ಅತ್ಯಂತ ಕ್ರಾಂತಿಕಾರಿ ಶಬ್ದ ಅದು.

ಮೂರು ದಿನ ಕೂತು ವರದಿ ಬರೆದೆ. ಹೆಸರು ಹಾಕುವ ಧೈರ್ಯ ಇಲ್ಲದವನಿಗೆ ವ್ಯಂಗ್ಯ ಬಲು ಒಳ್ಳೆಯ ಜಮಖಾನ. ಹೀಗೆ ಬರೆದೆ: 'ನಮ್ಮ ದಾಳಿಯ ನಡುವೆ ಶ್ರೀ ಮುರಳೀಧರ ಇದ್ದಾರೆ. ಚೆಂಡು ಅವರ ಮಾತನ್ನು ಎಷ್ಟು ಕೇಳುತ್ತದೆಂದರೆ ಅನಗತ್ಯವಾಗಿ ಗೆರೆ ದಾಟುವ ಉದ್ಧಟತನವನ್ನು ಅದು ಒಮ್ಮೆಯೂ ತೋರಿಲ್ಲ. ಎಡ ವಿಂಗಿನಲ್ಲಿ ಅವರ ಚಿಕ್ಕಪ್ಪನ ಮಗ ಶ್ರೀ ಶ್ರೀಕಂಠ. ಎದುರಾಳಿಗಳು ಓಡಿ ಓಡಿ ದಣಿಯಲಿ ಎಂದು ಇವರು ಓಡುವುದಿಲ್ಲ. ಬಲ ವಿಂಗಿನಲ್ಲಿ ಸೋದರತ್ತೆಯ ಮಗ ಶ್ರೀ ಜಗನ್ನಾಥ. ಪಾಸನ್ನು ಯಾರಿಗೂ ಕೊಡದ ಕಾರಣ ಇವರ ಪಾಸು ತಪ್ಪಿದ ಉದಾಹರಣೆಯೇ ಇಲ್ಲ. ಇನ್ನು ನಮ್ಮ ಬೆಂಚು. ತೇಗದ ಬೆಂಚು, ಗಟ್ಟಿಮುಟ್ಟಾಗಿದೆ. ಅದರ ಮೇಲೆ ಏಳು ಮಂದಿ ಫಾರ್ವರ್ಡುಗಳು ಸದಾ ಸಿದ್ಧ. ಒಬ್ಬರು ಬಿದ್ದರೆ ಅವರಂತೆಯೇ ಬೀಳಬಲ್ಲ ಇನ್ನೊಬ್ಬರು ತಕ್ಷಣ ದೊರೆಯುತ್ತಾರೆ. ಮೊದಲನೆಯವರಿಗೂ ಏಳನೆಯವರಿಗೂ ಆಟದಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಇಂಥ ಸಮಾನತೆ ಪ್ರಾಂತ್ಯದ ಬೇರೆ ಯಾವ ತಂಡದಲ್ಲೂ ಕಾಣಸಿಗದು.'

ಕೊಟ್ಟಿಗೆಯಲ್ಲಿ ಇದನ್ನು ಓದಿದಾಗ ಚಪ್ಪಾಳೆ ಬಿತ್ತು. ಒಬ್ಬರು ಹೊಟ್ಟೆ ಹಿಡಿದುಕೊಂಡು ಚೆಂಡಿನ ರಾಶಿಯ ಮೇಲೆ ಬಿದ್ದರು. ನನ್ನ ಎದೆ ಎರಡು ಅಂಗುಲ ಉಬ್ಬಿತು. ಓಬಳೇಶ ಕಾಗದ ಇಸಕೊಂಡು ಮೊದಲಿಂದ ಕೊನೆಯವರೆಗೆ ಬೆರಳಿಟ್ಟು ಓದಿದ. ಹಿಂದಿನ ಮಗ್ಗುಲನ್ನೂ ತಿರುಗಿಸಿ ನೋಡಿದ.

"ನಗೋಕೆ ಚೆನ್ನಾಗಿದೆ ಮಾವ," ಎಂದ. "ನಾನೆಲ್ಲಿದೀನಿ ಇದ್ರಲ್ಲಿ?"

ನಾನು ವರದಿಯನ್ನು ವಾಪಸು ತೆಗೆದುಕೊಂಡು ಮಡಚಿದೆ. ಅದನ್ನೇ ಕೋದಂಡಯ್ಯನವರಿಗೆ ತಲುಪಿಸಿದೆ. ಓದಿದರೆ ಸಿಟ್ಟಾಗುತ್ತಾರೆ, ಹರಿದು ಹಾಕುತ್ತಾರೆ, ನನ್ನನ್ನು ಓಡಿಸುತ್ತಾರೆ, ನಾನು ಕೇರಿಯಲ್ಲಿ ಹುತಾತ್ಮನಾಗುತ್ತೇನೆ ಎಂದೆಲ್ಲಾ ಲೆಕ್ಕ ಹಾಕಿದ್ದೆ. ಅವರು ಜಗಲಿಯ ಮೇಲೆ ನಾಲ್ಕು ಜನರನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದಿಸಿದರು. ಬೆಂಚಿನ ಭಾಗ ಬಂದಾಗ ಅವರ ಕಣ್ಣು ತೇವವಾಯಿತು. "ನಮ್ಮ ಹುಡುಗರನ್ನ ಎಷ್ಟು ಚೆನ್ನಾಗಿ ನೋಡಿದೀಯೋ ತಿಮ್ಮರಾಯ! ಮನೆಯೋರೂ ಹಿಂಗೆ ನೋಡಿಲ್ಲ," ಎಂದು ಒಂದು ಗೊನೆ ಬಾಳೆಹಣ್ಣು ಕೊಡಿಸಿದರು. ಮೆಟ್ಟಿಲ ಮೇಲೆ ಇಟ್ಟರು, ನಾನು ಎತ್ತಿಕೊಂಡೆ. ಎರಡು ದಿನ ನಮ್ಮ ಮನೆಯಲ್ಲಿ ವ್ಯಂಗ್ಯದ ಫಲವನ್ನು ಸಿಪ್ಪೆ ಸುಲಿದು ತಿಂದೆವು.

ಆಯ್ಕೆಯ ದಿನ ಬಂತು. ಪ್ರಾಂತ್ಯದಿಂದ ಬಂದವರು ಅಲೋಶಿಯಸ್ ಎಂಬ ವಯಸ್ಸಾದ ಆಟಗಾರ. ದಪ್ಪ ಕನ್ನಡಕ, ಒಂದು ಕಾಲು ಎಳೆದು ನಡೆಯುತ್ತಿದ್ದರು. ಮೂವತ್ತು ವರ್ಷದ ಹಿಂದೆ ಮಂಡಿ ಮುರಿದದ್ದಂತೆ. ನಿಜವಾಗಿ ಮುರಿದ ಮಂಡಿ ನಮ್ಮ ಮೈದಾನಕ್ಕೆ ಕಾಲಿಟ್ಟದ್ದು ಅದೇ ಮೊದಲು. ನಮ್ಮ ತಂಡವನ್ನೇ ಎರಡು ಮಾಡಿ ಆಡಿಸುವುದೆಂದು ಗೊತ್ತಾಯಿತು: ಒಂದು ಕಡೆ ಮುರಳೀಧರನ ಹನ್ನೊಂದು, ಇನ್ನೊಂದು ಕಡೆ ಮುರಳೀಧರನಿಗೆ ಸೋಲಬೇಕಾದ ಹನ್ನೊಂದು.

ಆಟ ಶುರುವಾಗುವ ಮುಂಚೆ ಕೋದಂಡಯ್ಯನವರು ಬೇವಿನ ಮರದ ಹತ್ತಿರ ಬಂದರು. ಹತ್ತಿರವೆಂದರೆ ಹತ್ತು ಹೆಜ್ಜೆ ದೂರ. ಓಬಳೇಶ ಮೊಳೆಯಿಂದ ಅಂಗಿ ತೆಗೆಯುತ್ತಿದ್ದ.

"ಲೋ, ಇವತ್ತು ಮೂರು ಹಾಕ್ಬೇಕು," ಎಂದರು. "ಮುರಳಿ ಆಯ್ಕೆ ಆದ್ರೆ ನಿನ್ನನ್ನೂ ಜೊತೆಗೆ ಕಳಿಸ್ತೀನಿ. ಅವನ ಬ್ಯಾಗು, ಬೂಟು ನೋಡ್ಕೊಂಡಿರು. ಜಮಖಾನನೂ ಕಳಿಸ್ತೀನಿ. ಅಲ್ಲೂ ಅವನಿಗೆ ಮಂಡಿ ನೋವು ಬರುತ್ತಲ್ಲ. ನಿನಗೂ ನಾಲ್ಕೂರು ನೋಡಿದಂಗಾಗುತ್ತೆ. ಏನಂತೀಯ?"

ಓಬಳೇಶ ಅಂಗಿ ಕೊಡವಿದ, ತೊಟ್ಟ, ಬೆಂಚಿನ ಹಿಂದೆ ಹೋಗಿ ಕೂತ. ಕೋದಂಡಯ್ಯನವರು ಅದನ್ನು ಒಪ್ಪಿಗೆಯೆಂದು ತೆಗೆದುಕೊಂಡರು. ನಾನೂ ಹಾಗೆಯೇ ತೆಗೆದುಕೊಂಡೆ. ಅವತ್ತು ಜಮಖಾನ ಹಿಡಿಯುವ ನಾಲ್ವರಲ್ಲಿ ಒಬ್ಬನಿಗೆ ಜ್ವರ ಬಂದು, ನಾಲ್ಕನೆಯ ಮೂಲೆ ನನ್ನ ಕೈಗೆ ಬಂದಿತ್ತು. ಮೇಲಿನ ಬೀದಿಯ ಮರ್ಯಾದೆಯ ಕಾಲು ಭಾಗ ನನ್ನ ಕೈಯಲ್ಲಿ.

ಆಟದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಶ್ರೀಕಂಠ ನಿಂತಿದ್ದ. ಜಗನ್ನಾಥ ಚೆಂಡು ಸಿಕ್ಕಿದಾಗಲೆಲ್ಲ ಅದನ್ನು ತಬ್ಬಿಕೊಳ್ಳುವುದೊಂದು ಬಾಕಿ, ಮೈದಾನದ ಅಂಚಿನವರೆಗೆ ಒಯ್ದು ಹೊರಗೆ ಬಿಟ್ಟು ಬರುತ್ತಿದ್ದ. ಒಬ್ಬೊಬ್ಬರಾಗಿ ಬೆಂಚಿನ ಏಳೂ ಮಂದಿ ಇಳಿದರು, ಏಳೂ ಮಂದಿ ನನ್ನ ವರದಿಗೆ ಚ್ಯುತಿ ಬಾರದಂತೆ ಆಡಿದರು. ಎರಡೂ ಗೋಲಿನ ಮುಂದೆ ಚೆಂಡು ಹತ್ತೊಂಬತ್ತು ಸಲ ಬಂದು ಒಂದು ಗೇಣು ದೂರದಲ್ಲಿ ನಿಂತಿತು. ಗೋಲ್‌ಕೀಪರುಗಳಿಬ್ಬರೂ ಕಂಬಕ್ಕೆ ಒರಗಿ ಕೂತಿದ್ದರು.

"ಏನ್ರೀ ಇದು, ಒಂದೂ ಒಳಗೆ ಹೋಗ್ತಿಲ್ಲ?" ಎಂದು ಅಲೋಶಿಯಸ್ ಕೇಳಿದರು.

"ಮೈದಾನ ಆ ಕಡೆ ಸ್ವಲ್ಪ ಏರು ಸಾರ್," ಎಂದರು ಕೋದಂಡಯ್ಯ.

"ಈ ಕಡೆ ಗೋಲಿಗೂ ಹೋಗ್ತಿಲ್ವಲ್ಲ?"

"ಈ ಕಡೆನೂ ಏರೇ ಸಾರ್."

ಹತ್ತು ನಿಮಿಷ ಉಳಿಯಿತು. ಮುರಳೀಧರ ಮಂಡಿ ಹಿಡಿದುಕೊಂಡು ಬಿದ್ದ. ಅಲೋಶಿಯಸ್ ಕುರ್ಚಿಯಿಂದ ಅರ್ಧ ಎದ್ದರು. "ಆ ಕಾಲಲ್ಲ," ಎಂದು ಗೊಣಗಿದರು, "ಅವನಿಗೆ ತಾಗಿದ್ದು ಬೇರೆ ಕಾಲು." ಕೋದಂಡಯ್ಯನವರು ಕೈಮುಗಿದು, "ದಯವಿಟ್ಟು ಮೇಲೆ ನೋಡ್ಬೇಕು ಸಾರ್, ನಮ್ಮೂರ ಪದ್ಧತಿ," ಎಂದರು. ಅತಿಥಿ ಸಭ್ಯರು, ನೋಡಿದರು. "ಮೋಡ ಒಂದೂ ಇಲ್ವಲ್ರೀ?" ಎಂದರು. "ಬರುತ್ತೆ ಸಾರ್, ನೋಡ್ತಾ ಇರಿ," ಎಂದರು ಇವರು.

ನಾವು ಜಮಖಾನ ಎತ್ತಿದೆವು. ಓಬಳೇಶ ನನ್ನ ಪಕ್ಕದಿಂದಲೇ ಒಳಗೆ ನುಗ್ಗಿ ಆಚೆ ಹೋದ. ಹೋಗುವಾಗ ನನ್ನ ಮುಖ ನೋಡಲಿಲ್ಲ. ನಾವು ಮುರಳೀಧರನನ್ನು ಮರೆಯಲ್ಲಿಟ್ಟುಕೊಂಡು ಗೆರೆಯಾಚೆಗೆ ನಡೆಸಿಕೊಂಡು ಬಂದು ನಿಂತೆವು. ಒಳಗೆ ಶರಬತ್ತಿನ ಲೋಟದ ಸದ್ದು ಕೇಳಿಸಿತು. ಊರು ಕತ್ತಿಳಿಸಿ ಕಣ್ಣುಜ್ಜಿಕೊಂಡಿತು.

ಚೆಂಡು ಓಬಳೇಶನ ಕಾಲಿಗೆ ಬಂತು. ಅವನು ಓಡುವುದನ್ನು ನಾನು ನಲವತ್ತೊಂದು ಸಲ ನೋಡಿದ್ದೇನೆ, ಆದರೂ ಪ್ರತಿ ಸಲ ಉಸಿರು ಹಿಡಿಯುತ್ತದೆ. ಚೆಂಡು ಅವನ ಕಾಲಿಗೆ ಅಂಟಿಕೊಂಡಿರುವುದಿಲ್ಲ. ಅವನ ಮನೆಯದೇ ಆದ್ದರಿಂದ ಜೊತೆಯಲ್ಲಿ ಬರುತ್ತದೆ. ಆ ಚೆಂಡಿನ ಮೂವತ್ತೆರಡು ತುಂಡುಗಳನ್ನೂ ಮಾರಕ್ಕನೇ ಹೊಲಿದಿದ್ದಳು. ಸೋಲಬೇಕಾದ ಹನ್ನೊಂದು ಜನ ಎಂದಿನಂತೆ ದಾರಿ ಬಿಟ್ಟರು. ಒಬ್ಬ ಮಾತ್ರ ಕರ್ತವ್ಯನಿಷ್ಠೆಯಿಂದ ಜಾರಿ ಬಿದ್ದ. ಗೋಲ್‌ಕೀಪರ್ ಎದ್ದು ತಪ್ಪು ಕಡೆಗೆ ಹಾರಿ ಅಲ್ಲೇ ಮಲಗಿದ. ಓಬಳೇಶ ಗೆರೆಯ ಹತ್ತಿರ ಬಂದ. ಒಂದು ಗೇಣು ಉಳಿದಾಗ ಚೆಂಡಿನ ಮೇಲೆ ಕಾಲಿಟ್ಟು ನಿಂತುಬಿಟ್ಟ.

"ಹೊಡಿ!" ಎಂದಿತು ಊರು.

ಅವನು ಸೊಂಟದ ಮೇಲೆ ಕೈ ಇಟ್ಟುಕೊಂಡ.

ಮೊದಲು ಎಲ್ಲರೂ ಇದು ಅವನ ಬಿನ್ನಾಣ ಎಂದುಕೊಂಡರು. ಅರ್ಧ ನಿಮಿಷವಾಯಿತು. ಕೋದಂಡಯ್ಯನವರು ಎದ್ದು ನಿಂತು, ಪಕ್ಕದಲ್ಲಿದ್ದ ಅತಿಥಿಯ ಕಡೆ ನೋಡಿ ನಕ್ಕು, ಬಾಯಿಗೆ ಕೈಯಡ್ಡ ಹಿಡಿದು ಕೂಗಿದರು: "ಮುರಳೀ! ಹೊಡಿಯೋ ಮುರಳೀ!"

"ಏನಪ್ಪಾ?" ಎಂದಿತು ಜಮಖಾನ.

ಅಲೋಶಿಯಸ್ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. "ಮಾತಾಡಿದ್ದು ಯಾರು?"

"ಗಾಳಿ ಸಾರ್."

ಮೇಲಿನ ಬೀದಿಯವರು ಅವಸರವಸರವಾಗಿ ಮೋಡ ನೋಡತೊಡಗಿದರು. ಕೋದಂಡಯ್ಯನವರು ನನ್ನ ಹತ್ತಿರ ದಾಪುಗಾಲಿಟ್ಟು ಬಂದು ಹಲ್ಲು ಕಚ್ಚಿಕೊಂಡು, "ಹೋಗೋ, ಹೋಗಿ ಹೇಳೋ ನಿನ್ನ ಅಳಿಯನಿಗೆ! ಈಗಲೇ ಹೋಗು!" ಎಂದರು.

ನಾನು ಹುಟ್ಟಿದಂದಿನಿಂದ ಹೇಳಿದ್ದನ್ನು ಮಾಡಿಕೊಂಡು ಬಂದವನು. ಹೋಗು ಎಂದರು, ಹೋದೆ. ಮೂಲೆ ಬಿಟ್ಟು ಹೋಗಬೇಡ ಎಂದು ಅವರು ಹೇಳಿರಲಿಲ್ಲ. ನನ್ನ ಬೆನ್ನ ಹಿಂದೆ ಜಮಖಾನ ಮಡಚಿಕೊಂಡು ಬಿದ್ದ ಸದ್ದಾಯಿತು. ತಿರುಗಿ ನೋಡಿದರೆ ಲೋಟ ಹಿಡಿದ ಮುರಳೀಧರ, ಬೆನ್ನ ಮೇಲೆ ಒಂಬತ್ತು. ಎದುರಿಗೆ ಗೋಲಿನ ಹತ್ತಿರ ಓಬಳೇಶ, ಬೆನ್ನ ಮೇಲೆ ಒಂಬತ್ತು. ಅಲೋಶಿಯಸ್ ಒಬ್ಬನನ್ನು ನೋಡಿ, ಇನ್ನೊಬ್ಬನನ್ನು ನೋಡಿ, ಮೊದಲನೆಯವನ ಮಂಡಿಯನ್ನು ಮತ್ತೆ ನೋಡಿ, ಕಾಲೆಳೆದುಕೊಂಡು ನನ್ನ ಹಿಂದೆಯೇ ಮೈದಾನಕ್ಕೆ ಇಳಿದರು.

ನಾನು ಓಬಳೇಶನ ಹತ್ತಿರ ಹೋದೆ. "ಹೊಡೆದುಬಿಡಪ್ಪ," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. "ಇಷ್ಟಾದ ಮೇಲೆ ಕೇರೀಲಿ ಅಕ್ಕನ್ನ ಬದುಕೋಕೆ ಬಿಡ್ತಾರೇನೋ? ಹೊಡೆದ್ರೆ ಜೊತೆಗಾದ್ರೂ ಕರ್ಕೊಂಡು ಹೋಗ್ತಾರೆ."

"ಬೂಟು ಹೊತ್ಕೊಂಡಾ ಮಾವ?"

ಅಷ್ಟರಲ್ಲಿ ಕೋದಂಡಯ್ಯನವರು ಏದುಸಿರು ಬಿಡುತ್ತಾ ಬಂದರು. ಹಿಂದೆ ಮೇಲಿನ ಬೀದಿ. ಅವರ ಹಿಂದೆ, ಬೇಲಿಯ ಆಚೆಯಿಂದ ಹಾರಿ, ನಮ್ಮ ಕೇರಿ. ಮಾರಕ್ಕನ ಕೈಯಲ್ಲಿ ದಬ್ಬಣ ಇನ್ನೂ ಇತ್ತು. ಯಾರೂ ಮೋಡ ನೋಡುತ್ತಿರಲಿಲ್ಲ.

"ಇವರ ಹೆಸರೇನು?" ಎಂದು ಅಲೋಶಿಯಸ್ ಕೇಳಿದರು.

ಕೋದಂಡಯ್ಯನವರು ಬಾಯಿ ತೆರೆದರು. ತೆರೆದ ಬಾಯಿ ಹಾಗೆಯೇ ನಿಂತಿತು. ನನ್ನ ಕಡೆ ತಿರುಗಿ, ತಗ್ಗಿದ ದನಿಯಲ್ಲಿ, "ಏನೋ ಅವನ ಹೆಸರು?" ಎಂದರು. ನಲವತ್ತೊಂದು ಗೋಲು ಹೊಡೆಸಿಕೊಂಡವರು ಅವನ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು.

"ಓಬಳೇಶ!" ಎಂದೆ. ಅಷ್ಟು ಗಟ್ಟಿಯಾಗಿ ಹೇಳಬೇಕಾಗಿರಲಿಲ್ಲ. ಬೇಲಿಯ ಮೇಲೆ ಕೂತಿದ್ದ ಗೊರವಂಕಗಳು ಎದ್ದು ಹೋದವು.

ಅಧ್ಯಕ್ಷರು ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡರು. ಊರಿನ ಮಾನ ಇನ್ನೂ ಒಂದು ಗೇಣು ದೂರದಲ್ಲಿತ್ತು. ಅದನ್ನು ಉಳಿಸಿಕೊಳ್ಳಲು ಏನು ಬೆಲೆಯಾದರೂ ತೆರಲು ಅವರು ಸಿದ್ಧರಿದ್ದರು, ಹೆಸರು ಹಿಡಿದು ಕರೆಯುವಷ್ಟರ ಮಟ್ಟಿಗೆ.

"ಓಬಳೇಶ," ಎಂದರು. "ಹೊಡಿ."

ಓಬಳೇಶ ಚೆಂಡಿನ ಮೇಲಿಂದ ಕಾಲು ತೆಗೆದ. ಚೆಂಡು ಅಲ್ಲಾಡಲಿಲ್ಲ. ಅವನು ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಅವರಿಗೆ ದಾರಿ ಬಿಟ್ಟ.

"ಈ ಅಂಗೀಲಿ ನಾನು ಹೊಡೆಯಲ್ಲ ಬುದ್ದಿ," ಎಂದ. "ಗೇಣೇ ಇರೋದು. ಬನ್ನಿ, ನೀವೇ ಹೊಡೀರಿ."